ಮೇಲೆ ಮೂರು ಇಂಚು

ಮೊದಲ ಪುಟದ ನೆತ್ತಿಯಲ್ಲಿ ಮೂರು ಇಂಚು ಖಾಲಿ ಬಿಡಿ,
ಕೌಂಟಿಯ ಮುದ್ರೆಗೆ ಜಾಗ ಬೇಕು,
ಅಂದಿದ್ದಳು ಕಿಟಕಿಯಾಚೆಯ ಹುಡುಗಿ.
ಅಡಿಗೋಲು ಹಿಡಿದು ಅಳೆದು ಬಿಟ್ಟೆ.
ಉಳಿದ ಜಾಗದಲ್ಲಿ ಡ್ವೈಟ್ ಎಂಗ್‌ಸ್ಟ್ರಾಮನನ್ನು ಹಿಡಿಸಬೇಕಿತ್ತು.

ನಾನು ವರ್ನಾ ಕೊವಾರಿಕ್. ಮೂವತ್ತೊಂದು ವರ್ಷ
ನೆಬ್ರಾಸ್ಕಾದ ಈ ಊರಿನ ಶಾಲಾ ಬಸ್ಸು ಓಡಿಸಿದವಳು.
ಈಗ ಕಾಟನ್‌ವುಡ್ ಬೆಂಡ್ ಮನೆಮಾಲೀಕರ ಸಂಘದ ಖಜಾಂಚಿ.
ಬೇರೆ ಯಾರೂ ಕೈ ಎತ್ತಲಿಲ್ಲ; ನನ್ನ ಕೈ
ನೊಣ ಓಡಿಸಲು ಎದ್ದಿತ್ತು.

ಇಪ್ಪತ್ತಾರು ಮನೆ, ಒಂದು ಕೊಳ, ಕೊಳಕ್ಕೊಂದು ಪಂಪು,
ಜನವರಿಯಲ್ಲಿ ಹಿಮ ಗೋರುವ ಟ್ರಕ್ಕಿನವನು
ಮುಂಗಡ ಕಾಣದೆ ಬ್ಲೇಡು ಇಳಿಸುವುದಿಲ್ಲ.
ಬ್ಯಾಂಕಿನಲ್ಲಿ ಸಾವಿರದ ನೂರ ಹನ್ನೆರಡು ಡಾಲರು.
ವಕೀಲ ಒಂದು ಕಾಗದಕ್ಕೆ ಕೇಳಿದ್ದು ಒಂಬೈನೂರು.
ಡ್ವೈಟನ ಬಾಕಿ ಎರಡು ಸಾವಿರದ ಮುನ್ನೂರ ನಲವತ್ತು.
ಕೂಡಿ ಕಳೆದು ನೋಡಿ, ನಾನೂ ನೋಡಿದೆ.
ನಾನೇ ಬರೆದೆ.

ಅದರ ಹೆಸರು ಲೀನ್. ಯಾವುದರಲ್ಲೂ ಲೀನವಾಗದ ವಸ್ತು.
ಮನೆಯ ಬೆನ್ನೇರಿ ಕೂತ ಬೋಜಾ,
ವರ್ಷಗಟ್ಟಲೆ ಸುಮ್ಮನಿದ್ದು
ಮಾರಲು ಹೊರಟ ದಿನ ಕೆಮ್ಮುತ್ತದೆ.

ಬಸ್ ನಂಬರ್ ಏಳು, ಎಡಗಡೆ ನಾಲ್ಕನೇ ಸೀಟು.
ಏಳು ಹನ್ನೆರಡಕ್ಕೆ ಅವನ ನಿಲ್ದಾಣ. ಅವನು ಬರುತ್ತಿದ್ದದ್ದು
ಏಳು ಹದಿನಾಲ್ಕಕ್ಕೆ, ಒಂದು ಬೂಟು ಕೈಯಲ್ಲಿ.
ಹೊರಡು ಅನ್ನುತ್ತಿತ್ತು ನಿಯಮ.
ನಾನು ಕನ್ನಡಿ ಒರೆಸುತ್ತಿದ್ದೆ, ಎರಡು ನಿಮಿಷ,
ಒರೆಸಿದ ಕನ್ನಡಿಯನ್ನೇ.

ಈಗಿನ ನಿಯಮ ಮೂವತ್ತು ದಿನ, ರಿಜಿಸ್ಟರ್ಡ್ ಪತ್ರ.
ನಲವತ್ತು ಕಾದೆ.
ಪಡೆದೆನೆಂದು ಸಹಿ ಮಾಡಿದ ಹಸಿರು ಚೀಟಿ ವಾಪಸು ಬಂತು:
ಮಂಜು ಹಿಡಿದ ಬಸ್ಸಿನ ಗಾಜಿನ ಮೇಲೆ
ಬೆರಳಲ್ಲಿ ಗೀಚುತ್ತಿದ್ದ ಅದೇ ಸೊಟ್ಟ 'ಡಿ'.

ಟಯರ್ ಅಂಗಡಿಯ ಆರ್ಲಿಸ್ ನಮ್ಮೂರ ನೋಟರಿ.
ಕೈಯೊರೆಸಿಕೊಂಡು ಮುದ್ರೆ ಹಿಡಿದಳು:
ಇದೆಲ್ಲ ಸತ್ಯ ಅಂತ ಪ್ರಮಾಣ ಮಾಡ್ತೀಯಾ ವರ್ನಾ?
ಮಾಡ್ತೀನಿ.
ಕಿಟಕಿಯ ಹುಡುಗಿ ಹತ್ತು ಡಾಲರು ಎಣಿಸಿಕೊಂಡಳು.
ನಿಜವೋ ಸುಳ್ಳೋ ಅವಳು ನೋಡುವುದಿಲ್ಲವಂತೆ;
ಅಂಚು ನೋಡುತ್ತಾಳೆ, ಶಾಯಿ ಕಪ್ಪೇ ಎಂದು ನೋಡುತ್ತಾಳೆ.

ಮೂರು ವಾರಕ್ಕೆ ಕೌಂಟಿಯ ಲಕೋಟೆ, ನನ್ನ ಹೆಸರಿಗೆ.
ಚೆಕ್ಕುಬಂದಿ ಬರೆಯಲು ಮಾದರಿಯಿರಲಿ ಅಂತ
ನನ್ನದೇ ಕ್ರಯಪತ್ರ ಮುಂದಿಟ್ಟುಕೊಂಡಿದ್ದೆ.
ವಾಯವ್ಯ ಮೂಲೆಯಿಂದ ಪೂರ್ವಕ್ಕೆ ಎಂಬತ್ತು ಅಡಿ,
ಅಲ್ಲಿಂದ ದಕ್ಷಿಣಕ್ಕೆ, ಕಬ್ಬಿಣದ ಗೂಟದವರೆಗೆ...
ಒಂದಕ್ಷರ ತಪ್ಪದ ನಕಲು.
ಲಾಟ್ ಹತ್ತೊಂಬತ್ತು ಇರಬೇಕಾದಲ್ಲಿ ಲಾಟ್ ಒಂಬತ್ತು.
ಡ್ವೈಟನ ಬಾಕಿ ನನ್ನ ಅಡುಗೆಮನೆಯ ಮೇಲೆ,
ಪ್ರಮಾಣ ಸಹಿತ.

ಸಣ್ಣ ಊರು. ಸಂಜೆಯೊಳಗೆ ಅವನೇ ಬಂದ,
ಎರಡೂ ಬೂಟು ಕಾಲಲ್ಲಿ.
ನನ್ನ ಸಾಲ ನಿಮ್ಮ ಮನೆ ಮೇಲಿದೆಯಂತೆ, ಮಿಸ್ ವರ್ನಾ.
ಜೋಳದ ಗೋದಾಮು ಮುಚ್ಚಿದ್ದು ನನಗೆ ಗೊತ್ತಿತ್ತು;
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಇಪ್ಪತ್ತರ ಎರಡು ನೋಟು ಮೇಜಿನ ಮೇಲಿಟ್ಟ.
ರಸೀದಿ ಬರೆದುಕೊಟ್ಟೆ. ಮಡಚಿದ, ಮತ್ತೆ ಮಡಚಿದ,
ಅಂಚೆಚೀಟಿಯಷ್ಟಾಗುವವರೆಗೆ.

ಮರುದಿನ ನನ್ನ ಮನೆಯ ಬೋಜಾ ಬಿಡಿಸಿದೆ.
ಹತ್ತು ಡಾಲರು, ಸ್ವಂತ ಪರ್ಸಿನಿಂದ.
ಆಮೇಲೆ ಹೊಸ ಹಾಳೆ. ಅಡಿಗೋಲು. ಮೂರು ಇಂಚು.
ಲಾಟ್ ಹತ್ತೊಂಬತ್ತು, ಎರಡು ಸಲ ಓದಿದೆ.
ಎರಡು ಸಾವಿರದ ಮುನ್ನೂರು.

ಒಳಗೆ ಚಾಚುವ ಮೊದಲು, ಕಿಟಕಿಯ ಮುಂದೆ ನಿಂತು
ಕನ್ನಡಕ ತೆಗೆದು ಒರೆಸಿದೆ.
ಹುಡುಗಿ ಕಾದಳು.