ವಸಂತನರಸಾಪುರದಲ್ಲಿ ಎರಡು ಕಡತ

ಒಂದು ನಕ್ಷತ್ರ ಕೊಡುತ್ತದೆ, ಐದರವರೆಗೆ.
ಇನ್ನೊಂದು ಲೋಹ: ಬೆಳ್ಳಿ, ಚಿನ್ನ, ಪ್ಲಾಟಿನಂ.
ಮಾಲೀಕರಿಗೆ ಯಾವುದಾದರೂ ಸರಿ,
ಬಾಗಿಲಲ್ಲಿ ಹೊಳೆಯುವ ಫಲಕ ಬೇಕು
ಯುಗಾದಿಯೊಳಗೆ.

ನಾನು ಹೋಲಿಸುವವಳು.
ತಿಂಗಳ ಸಂಬಳ ಅದಕ್ಕೇ.

ಗೃಹ ಕೇಳುತ್ತದೆ,
ಕೂಲಿಯವರಿಗೆ ಕುಡಿಯುವ ನೀರು ಇದೆಯೇ, ಕಕ್ಕಸು ಇದೆಯೇ?
ಲೀಡ್ ಕೇಳುತ್ತದೆ,
ಸೈಕಲ್ ನಿಲ್ಲಿಸಲು ಜಾಗ? ಪಕ್ಕದಲ್ಲೇ ಬಚ್ಚಲು?
ತುಳಿದು ಬಂದವರು ಮೀಯಬೇಕಂತೆ.
ಇಲ್ಲಿರುವುದು ಒಂದೇ ಸೈಕಲ್,
ಕಾವಲಿನ ಸಣ್ಣೀರಪ್ಪನದು.
ಅದರ ಚೈನು ಬಿದ್ದುಹೋಗಿ ಎರಡು ದೀಪಾವಳಿ ಕಳೆದವು.

ಸಿಮೆಂಟಿನಲ್ಲಿ ಹಾರುಬೂದಿಯ ಪಾಲೆಷ್ಟು,
ಗಾಜು ಒಳಗೆ ಬಿಡುವ ಬಿಸಿಲೆಷ್ಟು,
ಕಲ್ಲು ಬಂದ ದೂರವೆಷ್ಟು.
ಕಲ್ಲು ಹತ್ತಿರದ್ದೇ, ಕೊರಟಗೆರೆ ಕಡೆಯದು,
ಲಾರಿ ರಸೀದಿ ಲಗತ್ತಿಸಿದ್ದೇನೆ.
ಅಲ್ಲಿ ಬೆಟ್ಟದಲ್ಲಿ ಉಳಿದ ಗುಂಡಿಗೆ
ಯಾವ ಕಾಲಮ್ಮೆಂದು ಹುಡುಕಿ ಹುಡುಕಿ
ಚಹಾ ಆರಿತು.

ಅಂಗಳದ ಹುಣಸೆಯನ್ನು ಕಡಿಯಲಿಲ್ಲ.
ಫೋಟೊ ತೆಗೆದೆವು, ಸುತ್ತಳತೆ ಹಿಡಿದೆವು,
ಸಂಖ್ಯೆ ಬರೆದೆವು: ಒಂದು.
ಅದರಡಿ ಮುದ್ದೆ ಮುರಿಯುತ್ತಿದ್ದ ಮೂವತ್ತೆರಡು ಜನರನ್ನು
ಚೌಕಟ್ಟಿನಾಚೆ ಸ್ವಲ್ಪ ಸರಿಯಲು ಹೇಳಿ.

ಗಾರೆ ಮೇಸ್ತ್ರಿ ಮುದ್ದರಂಗಪ್ಪ
ಕೈಯೊರೆಸಿಕೊಂಡು ಪರದೆಗೆ ಬಗ್ಗಿದ.
"ಏನವ್ವ, ಈ ಎಲ್ಡ್ರಾಗೆ ಯಾವ್ದು ತಣ್ಣಗಿರತೈತೆ?"
ಅದು ಹಾಗಲ್ಲ ಮೇಸ್ತ್ರಿ, ಅದು ಒಟ್ಟು ಲೆಕ್ಕ,
ನೀರಿಗಿಷ್ಟು, ಕರೆಂಟಿಗಿಷ್ಟು, ಎನ್ನುತ್ತ ಎನ್ನುತ್ತ
ನನಗೇ ಬೆವರಿತು. ತಗಡಿನ ಶೆಡ್ಡು ನಮ್ಮ ಆಫೀಸು.

"ನಿಮ್ಮದು ಚಪ್ಪಡಿ ಮನೆ, ತಂಪಲ್ಲವೇ?"
ಕೇಳಿದೆ, ಒಂದು ಒಳ್ಳೆಯ ಸಾಲು ಸಿಕ್ಕೀತೆಂದು.
ಅವನು ನಕ್ಕ.
"ಯಾರಂದೋರು? ಕಲ್ಲು ಹಗಲೆಲ್ಲ ಬಿಸಿಲು ಕುಡಿದು
ರಾತ್ರಿಯೆಲ್ಲ ಕಕ್ಕತೈತೆ.
ಚೈತ್ರದಾಗೆ ನಾವು ಮಲಗಾದು ಹೊರಗೆ.
ಕೋಳಿ ಕೂಗೋ ಹೊತ್ಗೆ ಒಳಕ್ಕೆ ಹೋದ್ರೆ
ಅವಾಗ ಒಂದೀಟು ಮನೆ ಅನ್ನಂಗೈತೆ."

ಕೋಳಿ ಕೂಗುವ ಹೊತ್ತು:
ಬರೆದುಕೊಂಡೆ, ರಸೀದಿಯ ಬೆನ್ನಿಗೆ.

ಶುಕ್ರವಾರ ಪರಿಶೀಲಕರು ಬಂದರು.
ಹುಣಸೆಯ ನೆರಳಲ್ಲೇ ಕಾರು ನಿಲ್ಲಿಸಿದರು.
ಟೇಪು ಹಿಡಿದು ಸೈಕಲ್ ಜಾಗಕ್ಕೆ ಹೋದರೆ
ಅಲ್ಲಿ ನಿಂತಿತ್ತು, ಎಣ್ಣೆ ಹಚ್ಚಿ ಒರೆಸಿದ್ದು,
ಗಂಟೆ ಪಳಪಳ, ಚೈನಿಲ್ಲದ್ದು.
ಸಣ್ಣೀರಪ್ಪ ನನಗೊಂದು ಮಾತೂ ಹೇಳಿರಲಿಲ್ಲ.
ಗೇಟಿನ ಬಳಿ ಬೇರೆಲ್ಲೋ ನೋಡುತ್ತ ನಿಂತಿದ್ದ.

ಅವರು ಬಗ್ಗಿ ನೋಡಲಿಲ್ಲ.
ಟಿಕ್ ಬಿತ್ತು.

ಸಾರುವೆಯ ಮೇಲಿಂದ ಮೇಸ್ತ್ರಿ ಕೂಗಿದ,
"ಹೊಟ್ಟೆ ತಣ್ಣಗಾಯ್ತೇನವ್ವ?"