ಉದ್ಭವಿಸುವುದಿಲ್ಲ

ಪ್ರಶ್ನೆಯಲ್ಲಿ ವಾದ ಇರಬಾರದು,
ಊಹೆ ಇರಬಾರದು, ವ್ಯಂಗ್ಯ ಕೂಡದು,
ವಿಶೇಷಣವಂತೂ ಬೇಡವೇ ಬೇಡ,
ಸದನದ ನಿಯಮದ ಪುಸ್ತಕ ಹಾಗನ್ನುತ್ತದೆ.
ನಾನು ಶಾಸಕ ಮೊಗಣ್ಣನವರ ಟೈಪಿಸ್ಟು.
ಬಿ.ಎಂ. ರಸ್ತೆಯ ಜೆರಾಕ್ಸ್ ಅಂಗಡಿ ಮೇಲೆ
ಒಂದೂವರೆ ಕೋಣೆಯ ಕಚೇರಿ. ಆ ಅರ್ಧದಲ್ಲಿ ನಾನು,
ಒಂದು ಹಳೇ ಕಂಪ್ಯೂಟರು,
ತೆಗೆದುಹಾಕಿದ ಮಾತುಗಳು.

ದ್ಯಾವಮ್ಮ ಬಂದು ಹೇಳಿದ್ದು ಹೀಗೆ:
"ಬರ್ಕೊಳವ್ವ. ಹಾಸನಾಂಬೆ ಬಾಗ್ಲು ಹಾಕಿದ್ ಮಾರ್ನೆ ದಿನ
ಎಲ್ಡು ಟ್ಯಾಕ್ಟ್ರು ಚಪ್ಲಿ ಎತ್ತಿವ್ನಿ, ಒಂದೂ ಜೊತೆ ಇಲ್ಲ.
ಊರೆಲ್ಲ ಗುಡ್ಸಿ ಮನೀಕೊಳ್ಳಕ್ ಹೋದ್ರೆ
ಈ ಜಾಗ ನಿಂದಲ್ಲ ಅಂತಾರೆ.
ಹತ್ತೊಂಬತ್ ವರ್ಸ ಆಯ್ತು,
ನನ್ ಒಲೆ ಮುಂದೆ ನಾನೇ ಒತ್ತುವರಿ."
ಹೇಳಿ ನಕ್ಕಳು.

ನಾನು ಚಪ್ಪಲಿ ತೆಗೆದೆ. ಒಲೆ ತೆಗೆದೆ.
ನಗು ತೆಗೆಯುವಾಗ ಬೆರಳು ಕೊಂಚ ತಡೆಯಿತು.
ಉಳಿದದ್ದು:

(ಅ) ಹಾಸನ ನಗರದ ಹಳೇ ಕೆರೆಯಂಗಳದಲ್ಲಿ
ಮೂವತ್ತೆಂಟು ಪೌರಕಾರ್ಮಿಕ ಕುಟುಂಬಗಳು
ಹಕ್ಕುಪತ್ರವಿಲ್ಲದೆ ವಾಸಿಸುತ್ತಿರುವುದು
ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?

ಮೊಗಣ್ಣ ಒಂದು ಕಾಲಕ್ಕೆ ಗಾರ್ಮೆಂಟಿನಲ್ಲಿ
ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು.
ಈಗಲೂ ಕಾಗದವನ್ನು ಬೆಳಕಿಗೆ ಹಿಡಿದು
ದಾರ ಎಲ್ಲಿ ತುಂಡಾಗಿದೆ ಎಂದೇ ನೋಡುತ್ತಾರೆ.
"ಸರಿ ಇದೆ," ಅಂದರು.
"ಆದರೆ ಇದರಲ್ಲಿ ಯಾರೂ ಇಲ್ಲವಲ್ಲ."
ಸಹಿ ಹಾಕಿ, ಮೂರೂ ಮುಕ್ಕಾಲರ ಬಸ್ಸಿಗೆ ಓಡಿದರು.

ಚುಕ್ಕೆ ಗುರುತಿನ ಪ್ರಶ್ನೆ ಅದು.
ಉತ್ತರ ಬಂತು:
(ಅ) ಬಂದಿರುವುದಿಲ್ಲ.
(ಆ) ಉದ್ಭವಿಸುವುದಿಲ್ಲ.

ಓದಿ ಹೇಳಿದೆ. ಮೊದಲನೆಯದು ದ್ಯಾವಮ್ಮನಿಗೆ ಪರಿಚಯ:
ಟ್ಯಾಂಕರು ಬಂದಿರುವುದಿಲ್ಲ, ಸಂಬಳ ಬಂದಿರುವುದಿಲ್ಲ.
ಎರಡನೆಯದಕ್ಕೆ ಹುಬ್ಬೇರಿಸಿದಳು.
"ಉದ್ಭವ ಆಗೋದು ಲಿಂಗ ಅಲ್ವೇನವ್ವ?
ಕಲ್ಲು ತಾನಾಗೇ ಎದ್ರೆ ಗುಡಿ ಕಟ್ತಾರೆ.
ನಾವ್ ಎದ್ರೆ ಜೆಸಿಬಿ ತತ್ತಾರೆ."

ಉಪಪ್ರಶ್ನೆಗೆ ಸಿಕ್ಕಿದ್ದು ಒಂದೇ ನಿಮಿಷ.
ಮೊಗಣ್ಣ ಎದ್ದು, ಕಾಗದ ನೋಡದೆ,
ಅವಳ ಮಾತನ್ನು ಹಾಗ್ಹಾಗೇ ಹೇಳಿದರಂತೆ.
ನಡಾವಳಿಯಲ್ಲಿ ಇರುವುದು ಇಷ್ಟು:

ಶ್ರೀ ಮೊಗಣ್ಣ: ಮಾನ್ಯ ಸಭಾಧ್ಯಕ್ಷರೇ, ಉದ್ಭವ ಆಗೋದು ಲಿಂಗ...
(ನಗು)
(ಗೊಂದಲ)
ಸಚಿವರು: ಪರಿಶೀಲಿಸಲಾಗುವುದು.

ಆವರಣದೊಳಗಿನ ನಗು ಯಾರದು, ಬರೆದಿಲ್ಲ.

ಆಮೇಲೆ ಹನ್ನೊಂದು ತಿಂಗಳು
ಸದನದಲ್ಲಿ ಆಗದ್ದು ಬೆಂಚಿನ ಮೇಲೆ ಆಯಿತು.
ಸೋಮವಾರ ಸೋಮವಾರ ತಹಶೀಲ್ದಾರರ ಬಾಗಿಲೆದುರು
ಮೊಗಣ್ಣ ಬುತ್ತಿ ಬಿಚ್ಚಿ ಕೂತರು.
ಮುದ್ದೆ, ಹುರುಳಿ ಸಾರು, ಒಂದು ಈರುಳ್ಳಿ.
ಶಾಸಕರು ಹೀಗೆ ಕಣ್ಣೆದುರೇ ಉಣ್ಣುತ್ತಿದ್ದರೆ
ಕಡತಕ್ಕೂ ಮುಜುಗರವಾಗುತ್ತದೆ.

ಸರ್ವೆಯವರು ಬಂದರು. ಟೇಪಿನ ಒಂದು ತುದಿ
ದ್ಯಾವಮ್ಮನ ಕೈಗೇ ಕೊಟ್ಟರು.
ಹದಿಮೂರು ಅಡಿ. ಹನ್ನೊಂದು ಅಡಿ.
ಒಲೆ ಗೆರೆಯೊಳಗೆ ಸೇರಿತು.
"ಇಷ್ಟೇಯಾ ನೀನು?" ಅಂದಳು ಮನೆಗೆ.
ಟೇಪು ಸರಕ್ಕನೆ ಡಬ್ಬಿಯೊಳಗೆ ಹೋಯಿತು.

ನಿನ್ನೆ ಹಕ್ಕುಪತ್ರ ಬಂದಿದೆ. ಮೂವತ್ತೇಳು ಸರಿ ಇವೆ.
ಮೂವತ್ತೆಂಟನೆಯದರಲ್ಲಿ ಹೆಸರು: ದೇವಮ್ಮ.
"ಅದೇ ಶುದ್ಧ," ಅಂದನಂತೆ ಗುಮಾಸ್ತ.
"ಸುದ್ದ ನಾ ಗುಡ್ಸಿದ್ ರೋಡು ಕಣಪ್ಪ.
ನಮ್ಮವ್ವ ಕರ್ದಿದ್ದು ದ್ಯಾವಮ್ಮ."

ಅದಕ್ಕೇ ಈ ಹೊತ್ತಿನಲ್ಲೂ ಕಂಪ್ಯೂಟರಿನ ಮುಂದಿದ್ದೇನೆ.
ಕೆಳಗೆ ಜೆರಾಕ್ಸಿನವನು ಷಟರ್ ಎಳೆಯುತ್ತಿದ್ದಾನೆ.
ದ ಒತ್ತಿದೆ. ಯ ಒತ್ತು ಕೊಟ್ಟೆ. ದೀರ್ಘ ಎಳೆದೆ.
ಉದ್ಭವಿಸಿತು.