ಪಕ್ಕದ ಸೀಟು

ಚಿಂತಾಮಣಿಯಿಂದ ಕೈವಾರಕ್ಕೆ ಸಂಜೆ ಬಸ್ಸು.
ಭುಜಕ್ಕೆ ಭುಜ ತಾಗಿಸಿ ಕೂತೇ ಶಿರೀಷಾ
ನನಗೆ ಮೆಸೇಜು ಕಳಿಸುತ್ತಾಳೆ.

ಹಾಜರಿ ಕೂಗಿದರೆ ಅವಳ ‘ಎಸ್ ಸಾರ್’
ಎರಡನೇ ಬೆಂಚು ದಾಟುವುದಿಲ್ಲ.
ಮನೆಮಾತು ತೆಲುಗು; ಏಳನೇ ಕ್ಲಾಸಿನಲ್ಲಿ
ಹಾಲಿಗೆ ‘ಪಾಲು’ ಅಂದಳೆಂದು
ಯಾರೋ ನಕ್ಕಿದ್ದರಂತೆ.
ಪರದೆಯ ಮೇಲೆ ಮಾತ್ರ
ಒಂದು ಕೊಂಬೂ ತಪ್ಪದೆ,
ಪೂರ್ಣವಿರಾಮದ ಸಮೇತ ಬರುತ್ತಾಳೆ.

ನಾನೋ ವಾಯ್ಸ್ ನೋಟಿನವಳು.
ಒಗ್ಗರಣೆಯ ಚಟಪಟ, ತಮ್ಮನ ಕಿರುಚಾಟ, ಕುಕ್ಕರಿನ ಸೀಟಿ
ಎಲ್ಲ ಸೇರಿಸಿ ನಾಲ್ಕು ನಿಮಿಷ
ಇಡೀ ಗ್ರೂಪಿಗೆ ಸುರಿಯುವವಳು.
ಅಕ್ಷರ ಹುಡುಕುತ್ತ ಕೂರಲು ಯಾರಿಗಿದೆ ಪುರಸೊತ್ತು?

ಇವತ್ತು ಅವಳು ಬರೆದದ್ದು:
‘ಎಲ್ಲರ ಜೊತೆ ಅಷ್ಟು ಮಾತಾಡ್ತೀಯ.
ನಿನ್ನ ಬಗ್ಗೆ ಯಾವತ್ತೂ ಏನೂ ಹೇಳಿಲ್ಲ.’

ಟೊಮೆಟೊ ಕ್ರೇಟಿನ ಲಾರಿಯೊಂದು
ಕಿಟಕಿಯಾಚೆ ಹಿಂದೆ ಸರಿಯಿತು.
ಮೈಕಿನ ಗುರುತು ಒತ್ತಿ ಹಿಡಿದೆ.
ದಾಖಲಾದದ್ದು ಬಸ್ಸಿನ ಗಡಗಡ,
ಕಂಡಕ್ಟರನ ಶಿಳ್ಳೆ.
ಅಳಿಸಿದೆ. ಬರೆದೆ. ಮತ್ತೆ ಅಳಿಸಿದೆ.

ಮೊಣಕೈಯಷ್ಟು ದೂರದಲ್ಲಿ
ಅವಳ ಫೋನು ಹೇಳುತ್ತಲೇ ಇದೆ,
ನಾನು ಟೈಪಿಸುತ್ತಿದ್ದೇನೆಂದು.

ಅವಳ ಸ್ಟಾಪು ಬಂತು, ದಾಟಿತು.
ಏಳಲಿಲ್ಲ.